ಬಿಳಿಯಕ್ಕನ ಮೈಮೇಲಿನ ಕೆಂಪು ಚುಕ್ಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲದ ಮಾತು. ಹೊಳೆಯ ಕಲ್ಲುಗಳು ಆಗಿನ್ನೂ ನುಣುಪಾಗಿರಲಿಲ್ಲ, ಮುಟ್ಟಿದರೆ ಕೈ ಕೊಯ್ಯುತ್ತಿದ್ದವು. ಹಿಮದ ಬೆಟ್ಟದಿಂದ ಇಳಿದ ಹೊಳೆಗೆ ಎತ್ತ ಹೋಗಬೇಕೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ವರ್ಷ ಬಲಕ್ಕೆ ಹೊರಳುತ್ತಿತ್ತು, ಒಂದು ವರ್ಷ ಎಡಕ್ಕೆ.

ಆ ಹೊಳೆಯಲ್ಲಿ ಒಂದು ಜಾತಿಯ ಮೀನಿತ್ತು. ಈಗ ಅದನ್ನು ಟ್ರೌಟ್ ಅನ್ನುತ್ತಾರೆ. ಆಗ ಅದಕ್ಕೆ ಹೆಸರೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ತಲೆಯಿಂದ ಬಾಲದವರೆಗೆ ಬರೀ ಬಿಳುಪು, ಆಗತಾನೆ ಕರೆದ ಹಾಲಿನಂಥ ಬಿಳುಪು. ಮತ್ತೆ ಅದು ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಮೀನು ಯಾಕೆ ಸುಮ್ಮನಿರಬೇಕು?

ದಡದಲ್ಲಿ ಹತ್ತು ಗುಡಿಸಲು. ಕೊನೆಯ ಗುಡಿಸಲು ದುಗ್ಗವ್ವನದು. ದುಗ್ಗವ್ವ ಗರಿಹುಳ ಕಟ್ಟುವವಳು. ಕಾಡುಕೋಳಿಯ ಗರಿ, ತುರಿಕೆಗಿಡದ ನಾರು, ಒಂದು ಚಿಟಿಕೆ ಮೊಲದ ತುಪ್ಪಟ ಇಷ್ಟಿದ್ದರೆ ಸಾಕು, ಅವಳ ಬೆರಳ ತುದಿಯಲ್ಲಿ ಹುಳ ಹುಟ್ಟುತ್ತಿತ್ತು. ಅದರ ಹೊಟ್ಟೆಯಡಿ ಮೂಳೆಯ ಕೊಕ್ಕೆ ಕಟ್ಟಿ, ಗಾಳದ ಕೋಲಿನಿಂದ ನೀರಿನ ಮೇಲೆ ಹಗುರಾಗಿ ಇಳಿಸಿದರೆ, ಹುಳ ಅಂದುಕೊಂಡು ಮೀನು ಹಾರಿ ಹಿಡಿಯುತ್ತಿತ್ತು.

ದಡದವರು ಬಲೆ ಬೀಸುತ್ತಿರಲಿಲ್ಲ. ಹಳ್ಳ ಕಟ್ಟಿ ಬಾಚುತ್ತಿರಲಿಲ್ಲ. ಯಾಕೆಂದರೆ ಮೀನಿಗೂ ಅವರಿಗೂ ಒಂದು ಮಾತಾಗಿತ್ತು. ಮೀನುಗಳಲ್ಲಿ ಹಿರಿಯಳಾದ ಬಿಳಿಯಕ್ಕ ಹೇಳಿದ್ದಳು: "ಸೋತವರು ನಿಮ್ಮವರು, ಹೆರುವವರು ನಮ್ಮವರು."

ಅಂದರೆ ಇಷ್ಟೇ. ಗರಿಹುಳ ನೋಡಿ ಮೋಸಹೋದ ಮೀನನ್ನು ದಡದವರು ತಿನ್ನಬಹುದು. ಆದರೆ ಎಲೆ ಉದುರಿ ಮಂಜು ಬೀಳುವ ತಿಂಗಳಲ್ಲಿ, ಮೀನುಗಳು ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆ ಇಡುವ ತಿಂಗಳಲ್ಲಿ, ಗಾಳ ನೀರಿಗೆ ಬೀಳಬಾರದು. ಮೊದಲ ಮಂಜು ಬಿದ್ದ ದಿನ ದಡದವರು ಮಡುವಿನ ಅಂಚಿನಲ್ಲಿ ಒಂದು ಗೂಟ ನೆಟ್ಟು ಹಸಿರು ಸೊಪ್ಪು ಕಟ್ಟುತ್ತಿದ್ದರು, ಬಾಣಂತಿ ಮನೆಯ ಬಾಗಿಲಿಗೆ ಕಟ್ಟುವ ಹಾಗೆ. ಸೊಪ್ಪು ಕಂಡ ಮೇಲೆ ಆ ಗೂಟ ದಾಟಿ ಯಾರೂ ಹೋಗುತ್ತಿರಲಿಲ್ಲ. ಮೀನುಗಳೂ ಆ ತಿಂಗಳು ಹಸಿವನ್ನು ಮಡಚಿಟ್ಟು, ಏನೂ ತಿನ್ನದೆ ತಳದಲ್ಲೇ ಇರುತ್ತಿದ್ದವು.

ಉಳಿದ ಕಾಲವೆಲ್ಲ ಆಟ. ಹೊಸ ಹುಳ ಕಟ್ಟಿದಾಗ ದುಗ್ಗವ್ವ ಮೊದಲು ಕೊಕ್ಕೆಯಿಲ್ಲದೆ ಅದನ್ನು ನೀರಿಗಿಳಿಸಿ ಬಿಳಿಯಕ್ಕನಿಗೆ ತೋರಿಸಬೇಕು. ಅದು ಅವರ ಪದ್ಧತಿ. ಬಿಳಿಯಕ್ಕ ನಂಬಿ ಕಚ್ಚಿದರೆ ಮಾತ್ರ ಅದಕ್ಕೆ ಕೊಕ್ಕೆ.

ಹಿಮ ಕರಗಿ ನೀರು ಕಲಕಿದ ಕಾಲಕ್ಕೆ ದುಗ್ಗವ್ವ ದಪ್ಪ ಕರಿಹುಳ ಕಟ್ಟಿ ತಂದಳು.

"ಏ ದುಗ್ಗೀ," ಬಿಳಿಯಕ್ಕ ನಕ್ಕಳು, "ಇದೇನೇ, ಹುಳಕ್ಕೆ ಎಮ್ಮೆ ಕಾಲು ಹಚ್ಚಿದ್ದೀಯ!"

"ಬಗ್ಗಡದ ನೀರಲ್ಲಿ ನಿನಗೆ ಎಮ್ಮೆಯೇ ಕಾಣಲ್ಲ, ಇನ್ನು ಕಾಲು ಎಲ್ಲಿ ಕಾಣುತ್ತೆ? ಬಾಯಿ ಮುಚ್ಚಿ ಕಚ್ಚು."

"ಬಾಯಿ ಮುಚ್ಚಿ ಹೇಗೇ ಕಚ್ಚಲಿ?"

ಇಬ್ಬರೂ ನಗುತ್ತಿದ್ದರು. ಹೊಳೆಯೂ ನಗುತ್ತಿತ್ತು.

ಬೇಸಿಗೆ ಬಂತು, ನೀರು ಇಳಿದು ಕನ್ನಡಿಯಾಯಿತು. ದುಗ್ಗವ್ವ ಎಳ್ಳಿನಷ್ಟು ಬೂದುಹುಳ ಕಟ್ಟಿದಳು. ಮಳೆ ಬಂತು, ರೆಕ್ಕೆಯ ಇರುವೆಗಳು ಹೊಳೆಗೆ ಉದುರಿದವು. ದುಗ್ಗವ್ವ ಕೆಂಚು ಗರಿಯ ಇರುವೆ ಕಟ್ಟಿದಳು. ಕಾಲ ಬದಲಾದಂತೆ ನೀರು ಬದಲಾಯಿತು, ನೀರು ಬದಲಾದಂತೆ ಹುಳ ಬದಲಾಯಿತು. ಮಾತು ಮಾತ್ರ ಬದಲಾಗಲಿಲ್ಲ. ಸೋತವರು ನಿಮ್ಮವರು, ಹೆರುವವರು ನಮ್ಮವರು.

ಆಮೇಲೆ ಒಡೆಯ ಬಂದ.

ಅವನನ್ನು ಯಾರೂ ಒಡೆಯನನ್ನಾಗಿ ಮಾಡಿರಲಿಲ್ಲ. ಮೇಲಿನ ಗುಡ್ಡಕ್ಕೆ ಒಂದು ಬೇಲಿ ಹಾಕಿದ. ಬೇಲಿ ಕಾಯಲು ನಾಲ್ಕು ಜನ ದೊಣ್ಣೆಯವರನ್ನು ಇಟ್ಟುಕೊಂಡ. ಮರುದಿನದಿಂದ ಒಡೆಯ ಅನ್ನಿಸಿಕೊಂಡ. ಒಡೆಯರು ಹುಟ್ಟುವುದೇ ಹೀಗೆ, ಬೇರೆ ದಾರಿಯಿಲ್ಲ.

ಎಲೆ ಉದುರಿತು, ಮಂಜು ಬಿತ್ತು, ಗೂಟಕ್ಕೆ ಸೊಪ್ಪು ಕಟ್ಟಿದರು. ಅದೇ ದಿನ ಒಡೆಯನ ಪಾರುಪತ್ಯಗಾರ ಚೆಲುವಯ್ಯ ದುಗ್ಗವ್ವನ ಬಾಗಿಲಿಗೆ ಬಂದ.

"ದುಗ್ಗವ್ವ, ಒಡೆಯರ ಮನೆಯಲ್ಲಿ ಔತಣ. ನೆಂಟರಿಗೆ ಮೊಟ್ಟೆ ತುಂಬಿದ ಮೀನು ಬೇಕಂತೆ. ಒಂದು ಹುಳ ಕಟ್ಟಿಕೊಡು."

"ಸೊಪ್ಪು ಕಟ್ಟಿದ್ದು ಕಾಣಲಿಲ್ಲವಾ ಅಯ್ಯಾ? ಹೊಳೆ ಬಾಣಂತಿ."

"ಹೊಳೆ ಒಡೆಯರದು ಕಣಮ್ಮ."

"ಹೌದಾ? ಒಡೆಯರು ಹುಟ್ಟೋಕೆ ಮುಂಚೆ ಯಾರದಾಗಿತ್ತು? ಅವರು ಹುಟ್ಟಲಿ ಅಂತ ಹೊಳೆ ಕಾಯ್ತಾ ಕೂತಿತ್ತಾ?"

ಅಕ್ಕಪಕ್ಕದ ಗುಡಿಸಲಿನವರು ಕಿಸಕ್ಕನೆ ನಕ್ಕರು. ಚೆಲುವಯ್ಯನ ಮುಖ ಸಣ್ಣದಾಯಿತು. "ದಡದ ಮೇಲೆ ಗುಡಿಸಲು ಇರಬೇಕು ಅಂತಿದ್ದರೆ ಯೋಚನೆ ಮಾಡು," ಅಂದ.

"ಗುಡಿಸಲು ಕಿತ್ತರೆ ಇನ್ನೊಂದು ಕಟ್ತೀನಿ. ಹೆರುವವಳ ಹೊಟ್ಟೆಗೆ ಕೈ ಹಾಕೋ ಹುಳ ಕಟ್ಟೋದಿಲ್ಲ. ನಡಿ."

ಚೆಲುವಯ್ಯನ ಜನ ದಡದವರಿಂದ ಬೇಸಿಗೆಯ ಹುಳ, ಮಳೆಗಾಲದ ಹುಳ ಕಿತ್ತುಕೊಂಡು ಬಂದು ಮಡುವಿಗೆ ಎಸೆದರು. ಮೂರು ದಿನ ಎಸೆದರು. ಒಂದು ಮೀನೂ ಏಳಲಿಲ್ಲ. ಆ ತಿಂಗಳು ಹಸಿವೆಯೇ ಇಲ್ಲದವರನ್ನು ಯಾವ ಹುಳ ಎಬ್ಬಿಸುತ್ತದೆ? ದುಗ್ಗವ್ವ ದೂರದಿಂದ ನೋಡಿ ತೃಪ್ತಿಯಿಂದ ತಲೆದೂಗಿದಳು. ಹೊಳೆ ಗೆದ್ದಿತ್ತು.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ.

ನಾಲ್ಕನೆಯ ದಿನ ಗೂಟದ ಸೊಪ್ಪಿನ ಮೇಲೆ ದುಗ್ಗವ್ವನಿಗೆ ಒಂದು ಹುಳ ಸಿಕ್ಕಿತು. ಆ ವರ್ಷದ ಕೊನೆಯ ಹುಳ. ಚಳಿಗೆ ಸತ್ತಿತ್ತು. ಅದರ ರೆಕ್ಕೆ ನೀರಿಗಿಂತ ತಿಳಿಯಾಗಿತ್ತು. ಅಂಥ ರೆಕ್ಕೆಯನ್ನು ಅವಳು ಎಂದೂ ಕಟ್ಟಿರಲಿಲ್ಲ. ಬೆರಳು ಸುಮ್ಮನಿರಲಿಲ್ಲ. ಒಲೆಯ ಮುಂದೆ ಕೂತು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಬಾಲಕ್ಕೆ ಯಾವ ನಾರೂ ಒಗ್ಗಲಿಲ್ಲ. ಕೊನೆಗೆ ತನ್ನ ತಲೆಯ ಎರಡು ನರೆಗೂದಲು ಕಿತ್ತು ಕಟ್ಟಿದಳು.

ಬಾಗಿಲಲ್ಲಿ ಇಣುಕಿದ ಗಾಳಿ ಕೇಳಿತು, "ದುಗ್ಗವ್ವ, ಇದಕ್ಕೆ ಜೀವ ಇದೆಯಾ?"

ಆ ಒಂದು ಮಾತು ಸಾಕಾಯಿತು. ಬಿಳಿಯಕ್ಕ ಏನನ್ನುತ್ತಾಳೋ ನೋಡಬೇಕು! ಹಿಮ ಕರಗುವವರೆಗೆ ಯಾರು ಕಾಯುತ್ತಾರೆ? ಕೊಕ್ಕೆಯಿಲ್ಲವಲ್ಲ, ಬರೀ ತೋರಿಸುವುದು ತಾನೆ? ಹೀಗಂದುಕೊಂಡು ಬೆಳಗಾಗುತ್ತಲೇ ದುಗ್ಗವ್ವ ಸೊಪ್ಪಿನ ಗೂಟ ದಾಟಿದಳು.

"ಬೇಡ," ಅಂದಿತು ಹೊಳೆ.

"ಒಂದೇ ಸಲ," ಅಂದಳು ದುಗ್ಗವ್ವ.

ಗರಿಹುಳ ನೀರಿನ ಮೇಲೆ ಇಳಿಯಿತು. ರೆಕ್ಕೆ ನಡುಗಿತು. ತಳದಿಂದ ಒಂದು ಬಿಳುಪು ಮೆಲ್ಲಗೆ ಎದ್ದಿತು. ಮೊಟ್ಟೆ ತುಂಬಿದ ಭಾರದ ಹೊಟ್ಟೆ ಹೊತ್ತು ಬಿಳಿಯಕ್ಕ ಮೇಲೆ ಬಂದಳು, ಹುಳವನ್ನು ಕಚ್ಚಿದಳು, ಕಚ್ಚಿದ ಮೇಲೆ ಗರಿಯೆಂದು ತಿಳಿದಳು.

"ಗೆದ್ದೆ ಕಣೇ ದುಗ್ಗೀ. ಇಂಥದ್ದನ್ನು ನೀನು ಹಿಂದೆ ಕಟ್ಟಿಲ್ಲ." ಹುಳವನ್ನು ಬಾಯಿಂದ ಬಿಟ್ಟಳು. "ಆದರೆ ಇವತ್ತು ಯಾಕೆ ತಂದೆ? ಮಡಚಿಟ್ಟ ಹಸಿವನ್ನು ಬಿಚ್ಚಿಬಿಟ್ಟೆ. ನೋಡು, ನನ್ನ ತಂಗಿಯರೆಲ್ಲ ಎದ್ದು ಬಂದರು."

ಬಂದಿದ್ದರು. ಒಬ್ಬೊಬ್ಬರಾಗಿ ಹುಳವನ್ನು ಕಚ್ಚಿ, ಬಿಟ್ಟು, ನಗುತ್ತಿದ್ದರು. "ದುಗ್ಗಿಯ ಹುಳ! ಕೊಕ್ಕೆಯಿಲ್ಲ! ಬನ್ನಿ, ಬನ್ನಿ!"

ದುಗ್ಗವ್ವನೂ ನಕ್ಕಳು. ಬಂಡೆಯ ಹಿಂದೆ ಚೆಲುವಯ್ಯ ನಿಂತಿದ್ದುದು ಅವಳಿಗೆ ಕಾಣಲಿಲ್ಲ.

ಅವನು ಈಚೆ ಬಂದು ಅವಳ ಮುಂಗೈ ತಿರುವಿದ. "ಹುಳ ಕಟ್ಟೋದೇ ಇಲ್ಲ ಅಂದಿದ್ದೆಯಲ್ಲ ದುಗ್ಗವ್ವ? ಮೀನು ಎಷ್ಟು ಚೆನ್ನಾಗಿ ಏಳುತ್ತವೆ!" ಬೆರಳು ಬಿಡಿಸಿ ಗರಿಹುಳ ಕಿತ್ತುಕೊಂಡ. ದೊಣ್ಣೆಯವರು ಅವಳನ್ನು ಗುಡಿಸಲಿಗೆ ನೂಕಿ ಬಾಗಿಲಿಗೆ ಅಡ್ಡ ನಿಂತರು. ಉಳಿದ ಒಂಬತ್ತು ಗುಡಿಸಲಿನವರು ನೋಡುತ್ತ ನಿಂತರು. ದೊಣ್ಣೆ ನಾಲ್ಕೇ ಇದ್ದವು, ಆದರೂ ನೋಡುತ್ತ ನಿಂತರು.

ಚೆಲುವಯ್ಯ ಆ ಹುಳಕ್ಕೆ ಕೊಕ್ಕೆ ಕಟ್ಟಿದ.

ಮೀನುಗಳು ಹಸಿದು ಬಂದು ಸತ್ತಿದ್ದರೆ ಒಂದು ಮಾತು. ಹಾಗಲ್ಲ. ನೀರಿನ ಮೇಲೆ ಆ ರೆಕ್ಕೆ ಕಂಡಾಗ ಅವು ಹೇಳಿಕೊಂಡವು, "ಇದು ದುಗ್ಗಿಯದು. ಸೊಪ್ಪು ಕಟ್ಟಿದ ತಿಂಗಳಲ್ಲಿ ದುಗ್ಗಿಯ ಹುಳಕ್ಕೆ ಕೊಕ್ಕೆ ಇರುವುದಿಲ್ಲ." ನಗುತ್ತಲೇ ಎದ್ದವು. ನಗುತ್ತಲೇ ಕಚ್ಚಿದವು. ಒಂದಾದ ಮೇಲೆ ಒಂದು, ಬೆಳಗಿನಿಂದ ಬಿಸಿಲು ಇಳಿಯುವವರೆಗೆ.

ಬಂಡೆಯ ಮೇಲೆ ಹೊಟ್ಟೆ ಸೀಳಿದರು. ಕೆಂಪು ಮೊಟ್ಟೆಗಳನ್ನು ಬೊಗಸೆ ಬೊಗಸೆಯಾಗಿ ದೊಡ್ಡ ಮಡಕೆಗೆ ತುಂಬಿದರು. ಮೀನಿನ ಮೈಯನ್ನು ರಾಶಿ ಹಾಕಿ ಅಲ್ಲೇ ಬಿಟ್ಟರು. ಒಡೆಯನಿಗೆ ಬೇಕಾದದ್ದು ಮೊಟ್ಟೆ ಮಾತ್ರ.

ರಕ್ತದ ವಾಸನೆ ಹೊತ್ತು ಗಾಳಿ ಗುಡಿಸಲಿಗೆ ಬಂತು. ದುಗ್ಗವ್ವ ಹಿಂದಿನ ಹುಲ್ಲಿನ ಗೋಡೆ ಹರಿದುಕೊಂಡು ಓಡಿದಳು.

"ಏಳಬೇಡಿ! ಅದರಲ್ಲಿ ಕೊಕ್ಕೆ ಇದೆ! ಏಳಬೇಡಿ!" ಎದೆಮಟ್ಟದ ನೀರಿಗೆ ಇಳಿದು ಕೂಗಿದಳು. ಕೇಳಿಸಿಕೊಳ್ಳಲು ತಳದಲ್ಲಿ ಉಳಿದವರು ಕೆಲವರೇ.

ಬಂಡೆಯ ಮೇಲೆ ಬಿಳಿಯಕ್ಕ ಬಿದ್ದಿದ್ದಳು. ಕೊನೆಗೆ ಸಿಕ್ಕವಳು. ಇನ್ನೂ ಸೀಳಿರಲಿಲ್ಲ. ತುಟಿಯಲ್ಲಿ ಕೊಕ್ಕೆ, ಕೊಕ್ಕೆಯ ಮೇಲೆ ಎರಡು ನರೆಗೂದಲು.

ದುಗ್ಗವ್ವ ಮಡಕೆಯನ್ನು ಎತ್ತಿ ಬಂಡೆಗೆ ಅಪ್ಪಳಿಸಿದಳು. ಮಡಕೆ ಒಡೆಯಿತು. ಮೊಟ್ಟೆಗಳು ಬಂಡೆಯ ಮೇಲೆ, ಬಿಳಿಯಕ್ಕನ ಮೇಲೆ, ದುಗ್ಗವ್ವನ ಕೈಮೇಲೆ ಚೆಲ್ಲಿದವು. ದೊಣ್ಣೆಯ ಏಟು ಬೆನ್ನಿಗೆ ಬಿತ್ತು, ಇನ್ನೊಂದು ಬಿತ್ತು. ಅವಳು ಬಿಳಿಯಕ್ಕನನ್ನು ಎದೆಗವಚಿಕೊಂಡು ನೀರಿಗೆ ಬಿದ್ದಳು.

ನಡುಹೊಳೆಯಲ್ಲಿ ಕೊಕ್ಕೆ ಬಿಡಿಸಿದಳು. ಬಿಳಿಯಕ್ಕನ ಪಕ್ಕೆಯ ತುಂಬ ಕೆಂಪು ಮೊಟ್ಟೆ ಅಂಟಿದ್ದವು. ಒರೆಸಲು ಕೈ ತಂದಳು.

"ಒರೆಸಬೇಡ," ಅಂದಳು ಬಿಳಿಯಕ್ಕ. "ನನ್ನ ತಂಗಿಯರ ಮಕ್ಕಳು ಇವು. ಹೊಟ್ಟೆಯಲ್ಲಿಟ್ಟುಕೊಂಡರೆ ಸೀಳಿ ತೆಗೆದರು. ನಾನು ಮೈಮೇಲೆ ಹೊತ್ತುಕೊಳ್ಳುತ್ತೇನೆ. ನನಗೆ ಹುಟ್ಟುವವರೂ ಹೊರಲಿ. ಲೆಕ್ಕ ತಪ್ಪದ ಹಾಗೆ ಎಲ್ಲರಿಗೂ ಕಾಣಲಿ."

"ಕೊಕ್ಕೆ ನಾನು ಕಟ್ಟಲಿಲ್ಲ ಬಿಳಿಯಕ್ಕ."

"ಗೊತ್ತು. ಕೊಕ್ಕೆ ಅವರದು." ಬಿಳಿಯಕ್ಕ ಉಸಿರೆಳೆದಳು. "ಆದರೆ ನಾವು ನಂಬಿದ್ದು ಅವರನ್ನಲ್ಲ ದುಗ್ಗೀ."

ಅದೇ ಕೊನೆಯ ಮಾತು. ಆಮೇಲೆ ಆ ಜಾತಿಯ ಮೀನು ಮನುಷ್ಯರೊಂದಿಗೆ ಮಾತಾಡಿಲ್ಲ.

ಬಿಳಿಯಕ್ಕ ಕಲ್ಲಿನ ಅಡಿಗೆ ಹೋದಳು. ಅಲ್ಲೇ ಉಳಿದ ಮೊಟ್ಟೆ ಇಟ್ಟಳು. ಹುಟ್ಟಿದ ಮರಿಗಳ ಪಕ್ಕೆಯಲ್ಲೂ ಆ ಕೆಂಪು ಚುಕ್ಕೆಯಾಗಿ ಮೂಡಿತ್ತು, ಅವೂ ಕಲ್ಲಿನ ಅಡಿಯಲ್ಲೇ ಬೆಳೆದವು. ಕತ್ತಲಲ್ಲಿ ಬಾಳಿ ಬಾಳಿ ಅವುಗಳ ಹಾಲುಬಿಳುಪು ಕಲ್ಲಿನ ಬಣ್ಣಕ್ಕೆ ತಿರುಗಿತು. ಪ್ರತಿಯೊಂದು ಕೆಂಪು ಚುಕ್ಕೆಯ ಸುತ್ತ ಮಾತ್ರ ಒಂದು ಸಣ್ಣ ಉಂಗುರದಷ್ಟು ಬಿಳುಪು ಉಳಿಯಿತು.

ಒಡೆಯನಿಗೆ ಏನಾಯಿತು? ಏನೂ ಆಗಲಿಲ್ಲ. ಬೆಟ್ಟ ಉರುಳಲಿಲ್ಲ, ಸಿಡಿಲು ಹೊಡೆಯಲಿಲ್ಲ. ಒಡೆದ ಮಡಕೆಯಲ್ಲಿ ಉಳಿದದ್ದನ್ನು ಬಾಚಿ ಬಡಿಸಿದರು, ಅವನು ಉಂಡ, ಕೈ ತೊಳೆದ. ಮುಂದಿನ ವರ್ಷ ಬೇಲಿ ದಡದವರೆಗೆ ಬಂತು. ನೋಡುತ್ತ ನಿಂತಿದ್ದವರ ಗುಡಿಸಲುಗಳೂ ಹೋದವು, ಅವರು ನಿಂತೇ ಇದ್ದರು.

ದುಗ್ಗವ್ವ ಬೇಲಿಯ ಆಚೆ ಇನ್ನೊಂದು ಗುಡಿಸಲು ಕಟ್ಟಿದಳು. ಹಿಮ ಕರಗಿದಾಗ ಕರಿಹುಳ, ನೀರು ಇಳಿದಾಗ ಬೂದುಹುಳ, ಮಳೆ ಬಂದಾಗ ಕೆಂಚು ಇರುವೆ ಕಟ್ಟುತ್ತಿದ್ದಳು. ಒಂದಕ್ಕೂ ಕೊಕ್ಕೆ ಕಟ್ಟಲಿಲ್ಲ. ಬೇಲಿ ನುಸುಳಿ ಬಂದು ನೀರಿಗಿಳಿಸಿ, "ಬಿಳಿಯಕ್ಕ, ಎಮ್ಮೆ ಕಾಲು ಹಚ್ಚಿದ್ದೀನಿ ನೋಡೇ," ಅನ್ನುತ್ತಿದ್ದಳು. ಹುಳ ತೇಲಿಕೊಂಡು ಹೋಗುತ್ತಿತ್ತು. ತಳದಿಂದ ಒಂದು ನೆರಳು ಅರ್ಧದವರೆಗೆ ಎದ್ದು, ನೋಡಿ, ತಿರುಗಿ ಹೋಗುತ್ತಿತ್ತು. ಅವಳಿಗೆ ವಯಸ್ಸಾಗಿ ಸಾಯುವವರೆಗೂ ಹೀಗೇ ನಡೆಯಿತು. ಹೊಳೆ ಆಮೇಲೆ ಒಂದೇ ದಾರಿ ಹಿಡಿದು ಹರಿಯಿತು, ನಗಲಿಲ್ಲ.

ಅದಕ್ಕೇ ಮಗೂ, ತಣ್ಣನೆಯ ಬೆಟ್ಟದ ಹೊಳೆಯಲ್ಲಿ ಟ್ರೌಟ್ ಮೀನಿನ ಪಕ್ಕೆಯ ಮೇಲೆ ಇವತ್ತಿಗೂ ಬಿಳಿ ಉಂಗುರದೊಳಗೆ ಕೆಂಪು ಚುಕ್ಕೆ ಕಾಣುತ್ತದೆ, ಮತ್ತು ನೀನು ಬರಿಗೈಯಲ್ಲೇ ದಡಕ್ಕೆ ಬಂದಿದ್ದರೂ ನಿನ್ನ ನೆರಳು ನೀರಿಗೆ ಬಿದ್ದ ಕೂಡಲೇ ಅದು ಕಲ್ಲಿನಡಿಗೆ ಓಡಿಹೋಗುತ್ತದೆ.