ಅಳಿಸದೆ ಉಳಿದ ಎಳೆ

"ಪಾಠ ಒಂದೇ, ಹೇಳಿಕೊಡುವ ಬಾಯಿಯೂ ಒಂದೇ. ಆದರೂ ಲೆಕ್ಕ ಒಬ್ಬನಿಗೆ ಹತ್ತುತ್ತದೆ, ಇನ್ನೊಬ್ಬನಿಗೆ ಹತ್ತುವುದೇ ಇಲ್ಲ. ಯಾಕೆ, ಬುದ್ಧಿ?"

ಗುರುಗಳನ್ನು ಕೇಳಿದವನು ಗುರುಶಾಂತ. ಮಠದ ಮಕ್ಕಳಿಗೆ ಮರಳ ಮೇಲೆ ಲೆಕ್ಕ ಬರೆಸುವುದು ಅವನ ಕೆಲಸ. ಪಾಠ ಮುಗಿಸಿ ಸೀದಾ ಬಂದಿದ್ದ, ಮರಳು ಮೆತ್ತಿದ ಕೈ ಕೂಡ ತೊಳೆದಿರಲಿಲ್ಲ.

"ಈರಣ್ಣನ ಜೊತೆ ಏಗಿ ಏಗಿ ಸಾಕಾಯಿತು. ಹಿಂದೆ ಕೂತವರತ್ತ ನಾನು ತಿರುಗಿಯೂ ನೋಡುವುದಿಲ್ಲ, ಅವರು ಕಲಿಯುತ್ತಾರೆ. ಇವನನ್ನು ಪಕ್ಕದಲ್ಲೇ ಕೂರಿಸಿಕೊಂಡು, ತಪ್ಪಿದಲ್ಲೆಲ್ಲ ತಿದ್ದಿಕೊಟ್ಟರೂ ಇಲ್ಲ! ನಾಳೆ ಅವನ ತಂದೆ ಬರುತ್ತಾರೆ, ಮಗನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿಬಿಡುತ್ತೇನೆ."

"ಕೂತುಕೋ," ಎಂದರು ಗುರುಗಳು. ಕತೆ ಶುರುಮಾಡಿದರು.

ಒಬ್ಬ ತಾಯಿ. ರಂಗೋಲಿಯಲ್ಲಿ ಎತ್ತಿದ ಕೈ. ಚುಕ್ಕಿಗಳನ್ನಿಟ್ಟು, ಎಲ್ಲವನ್ನೂ ಬಳಸಿ ಒಂದೇ ಎಳೆ ಬಿಡುವಳು. ಎಳೆ ಹೊರಟಲ್ಲಿಗೇ ಬಂದು ಕೂಡಬೇಕು. ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನೇ ಕಲಿಸಿದಳು. ದೊಡ್ಡವಳಿಗೆ ಹೊಸ್ತಿಲ ಮುಂದೆ ಜಾಗ, ಚಿಕ್ಕವಳಿಗೆ ಹಿತ್ತಿಲಲ್ಲಿ.

ಹೊಸ್ತಿಲ ಮುಂದೆ ತಪ್ಪಿದ ಎಳೆ ಇದ್ದರೆ ನೋಡಿದವರು ಏನೆಂದಾರು? ದೊಡ್ಡವಳ ಎಳೆ ಕೊಂಚ ಅತ್ತಿತ್ತಾದರೆ ಸಾಕು, ತಾಯಿ ಓಡಿಬಂದು ಅಳಿಸಿ ತಾನೇ ಸರಿಮಾಡುವಳು. ಹಿತ್ತಿಲನ್ನು ಯಾರು ನೋಡುತ್ತಾರೆ! ಚಿಕ್ಕವಳ ತಪ್ಪು ಬಿಸಿಲೇರಿದರೂ ಅಲ್ಲೇ ಇರುತ್ತಿತ್ತು. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲ್ಲಿ ದಾರಿ ತಪ್ಪಿದೆ ಎಂದು ಬೆರಳಾಡಿಸಿ ಹುಡುಕುತ್ತಿದ್ದಳು.

ಒಂದು ಹಬ್ಬಕ್ಕೆ ತಾಯಿ ಜ್ವರ ಬಂದು ಮಲಗಿದಳು. ಅಂಗಳ ತುಂಬುವಂಥ ರಂಗೋಲಿಗೆ ದೊಡ್ಡವಳು ಕೈಹಾಕಿದಳು. ನಡುವೆ ಎಳೆ ತಪ್ಪಿತು. ಅಳಿಸುವ ಕೈಗಾಗಿ ಕಾದಳು, ಬರಲಿಲ್ಲ. "ಇದು ನನ್ನ ಹಣೆಯಲ್ಲೇ ಬರೆದಿಲ್ಲ," ಎಂದು ಅಳತೊಡಗಿದಳು.

ಚಿಕ್ಕವಳು ಬಗ್ಗಿ ನೋಡಿದಳು. "ಅಯ್ಯೋ ಅಕ್ಕಾ, ಈ ತಿರುವಿನಲ್ಲಿ ನಾನೂ ತಪ್ಪಿದ್ದೆ ಕಣೇ."

ಅಲ್ಲಿಂದಲೇ ಎಳೆ ಹಿಡಿದು ಹೊರಟಳು. ಎಳೆ ಅಂಗಳವನ್ನೆಲ್ಲ ಸುತ್ತಿತು. ಒಂದು ಚುಕ್ಕಿಯನ್ನೂ ಬಿಡದೆ, ಹೊರಟಲ್ಲಿಗೇ ಬಂದು ಕೂಡಿತು. ಜ್ವರದಲ್ಲೇ ಎದ್ದುಬಂದ ತಾಯಿ ಬಾಗಿಲು ಹಿಡಿದು ನಿಂತುಬಿಟ್ಟಳು.

"ಅಬ್ಬಬ್ಬಾ! ಇಷ್ಟು ದೊಡ್ಡದನ್ನು ನಾನೂ ಎಂದೂ ಬಿಟ್ಟಿಲ್ಲವಲ್ಲೇ!"

ಕತೆ ನಿಂತಿತು. ಆ ಎಳೆ ತನ್ನ ಕಣ್ಣೆದುರೇ ಬಂದು ಕೂಡಿದ ಹಾಗಿತ್ತು ಗುರುಶಾಂತನಿಗೆ. ಕೇಳಿದ:

"ಹಾಗಾದರೆ ದೊಡ್ಡವಳೇನೂ ದಡ್ಡಿಯಲ್ಲ ಅನ್ನುತ್ತೀರಾ, ಬುದ್ಧಿ?"

ಗುರುಗಳು ಅವನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು.

"ಈ ಅಂಗೈಗೆ ಅಂಟಿರುವ ಮರಳು ಯಾರು ಬರೆದ ಲೆಕ್ಕದ್ದಪ್ಪಾ?"