ತೂಬು ಬಲ್ಲವನ ಸಿಟ್ಟು

“ಗುರುಗಳೇ, ಒಂದೇ ಮಠದಲ್ಲಿ ಓದಿದೆವು ಎಂಬ ಸಲಿಗೆಯಿಂದ ಒಬ್ಬರ ಮನೆಗೆ ಹೋಗಿ ಕೆಲಸ ಕೇಳುವುದು ಭಿಕ್ಷೆಯಲ್ಲವೇ?”

ಸೋಮಲಿಂಗ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಒಂಬತ್ತು ವರ್ಷ ಆ ಮಠದಲ್ಲಿ ಓದಿ, ಕೆಲಸ ಹುಡುಕಲು ರಾಜಧಾನಿಗೆ ಹೋಗಿದ್ದವನು ನಾಲ್ಕು ತಿಂಗಳಿಗೆ ಬರಿಗೈಯಲ್ಲಿ ಹಿಂದಿರುಗಿದ್ದ. ಅವನಿಗಿಂತ ಕಡಿಮೆ ಓದಿದ ಇಬ್ಬರು ಮಠದ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿ, ಪರಿಚಯ ಹೇಳಿಕೊಂಡು, ಅರಮನೆಯ ಕಚೇರಿಗೆ ಸೇರಿದ್ದರು. ಸೋಮಲಿಂಗ ದಿನವೂ ಅದೇ ಬೀದಿಯಲ್ಲಿ ಓಡಾಡಿದ್ದ. ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

“ನನ್ನಲ್ಲಿ ವಿದ್ಯೆಯಿದೆ. ಅದನ್ನು ಅವರೇ ಕಂಡುಕೊಳ್ಳಬೇಕು. ಕಾಣದಿದ್ದರೆ ನಷ್ಟ ಅವರದು” ಎಂದ. ದನಿಯಲ್ಲಿ ಸಿಟ್ಟಿತ್ತು.

ಗುರುಗಳು ಅವನಿಗೆ ಕುಳಿತುಕೋ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ಗುರುವಿನ ಬಳಿ ಹತ್ತು ಹನ್ನೆರಡು ಮಂದಿ ಕೆರೆ ಕಟ್ಟುವ ವಿದ್ಯೆ ಕಲಿಯುತ್ತಿದ್ದರು. ಅವರಲ್ಲಿ ಒಬ್ಬನಿಗೆ ತೂಬಿನ ಕೆಲಸ ಚೆನ್ನಾಗಿ ಕೈಗೆ ಹತ್ತಿತ್ತು. ಕೆರೆಗೆ ಕಟ್ಟಿದ ಮಣ್ಣಿನ ಏರಿಯ ಅಡಿಯಲ್ಲಿ ಕಲ್ಲಿನ ದಾರಿ ಮಾಡಿ, ಕೆರೆಯ ನೀರನ್ನು ಬೇಕಾದಾಗ ಬೇಕಾದಷ್ಟೇ ಗದ್ದೆಗೆ ಬಿಡುವುದು ಸುಲಭದ ಕೆಲಸವಲ್ಲ. ಕಲ್ಲಿಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ನೀರು ಅದನ್ನು ಹುಡುಕಿಕೊಳ್ಳುತ್ತದೆ. ಇವನು ಕಟ್ಟಿದ ತೂಬಿನಲ್ಲಿ ಸಂದು ಇರುತ್ತಿರಲಿಲ್ಲ. ಇಂಥ ಕೈ ಇನ್ನೊಬ್ಬರಿಗಿಲ್ಲ ಎಂದು ಗುರು ಒಮ್ಮೆ ಎಲ್ಲರೆದುರಿಗೆ ಹೇಳಿದ್ದ. ಆ ಮಾತನ್ನು ಇವನು ಮರೆಯಲೇ ಇಲ್ಲ.

ವಿದ್ಯೆ ಮುಗಿಯಿತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಜೊತೆಯಲ್ಲಿ ಕಲಿತವನೊಬ್ಬ ಹನ್ನೆರಡು ವರ್ಷಗಳಲ್ಲಿ ಆ ಸೀಮೆಯ ಕೆರೆಗಳಿಗೆಲ್ಲ ಮೇಲ್ವಿಚಾರಕನಾದ. ತೂಬು ಬಲ್ಲವನು ಮಾತ್ರ ಊರೂರು ಅಲೆದ. ಬಾವಿಗೆ ಕಲ್ಲು ಕಟ್ಟಿದ. ಹಿತ್ತಿಲ ಗೋಡೆ ಎಬ್ಬಿಸಿದ. ಕೊನೆಗೆ ಒಂದು ಕಲ್ಲುಗಣಿಯಲ್ಲಿ ಕೂಲಿಗೆ ನಿಂತ. ಹಳೆಯ ಜೊತೆಗಾರರಲ್ಲಿ ಒಬ್ಬರಿಗೂ ತಾನು ಎಲ್ಲಿದ್ದೇನೆಂದು ತಿಳಿಸಲಿಲ್ಲ. ಕೂಲಿಯವನಾಗಿ ಅವರ ಮುಂದೆ ನಿಲ್ಲುವುದು ಅವನಿಗೆ ಬೇಡವಾಗಿತ್ತು.

ಆಗ ಆ ಗಣಿಯಿಂದ ಒಂದು ಹರದಾರಿ ದೂರದಲ್ಲಿ ದೊಡ್ಡ ಕೆರೆಯ ಕೆಲಸ ಶುರುವಾಯಿತು. ಅದನ್ನು ಕಟ್ಟಿಸುತ್ತಿದ್ದವನು ಅದೇ ಮೇಲ್ವಿಚಾರಕ. ಸುದ್ದಿ ಕೇಳಿ ತೂಬು ಬಲ್ಲವನ ಹೆಂಡತಿಗೆ ಸಂತೋಷವಾಯಿತು.

“ಅವರು ನಿಮ್ಮ ಜೊತೆ ಕಲಿತವರಲ್ಲವೇ? ಹೋಗಿ ಒಂದು ಮಾತು ಹೇಳಿ ಬನ್ನಿ. ನೀವು ಇಲ್ಲಿದ್ದೀರೆಂದು ಅವರಿಗೆ ಗೊತ್ತಾಗುವುದು ಹೇಗೆ?” ಎಂದಳು.

“ನನ್ನ ಕೈ ಎಂಥದೆಂದು ಅವನಿಗೆ ಗೊತ್ತು. ಬೇಕಿದ್ದರೆ ಅವನೇ ಹೇಳಿಕಳಿಸಲಿ” ಎಂದ ಇವನು.

ತಿಂಗಳು ಕಳೆಯಿತು. ಎರಡು ತಿಂಗಳು ಕಳೆಯಿತು. ಯಾರೂ ಬರಲಿಲ್ಲ. ತೂಬಿನ ಕೆಲಸ ಇನ್ನೊಬ್ಬನಿಗೆ ಹೋಯಿತೆಂದು ತಿಳಿಯಿತು. ಆ ಇನ್ನೊಬ್ಬನೂ ಅದೇ ಗುರುವಿನ ಬಳಿ ಎರಡು ವರ್ಷ ಇದ್ದು, ಅರ್ಧಕ್ಕೇ ಬಿಟ್ಟುಹೋದವನು. ಹತ್ತು ದಿನದ ದಾರಿ ನಡೆದು ಬಂದು ಮೇಲ್ವಿಚಾರಕನ ಮನೆಯ ಜಗಲಿಯ ಮೇಲೆ ಕುಳಿತಿದ್ದನಂತೆ. ಗುರುವಿನ ಹೆಸರು ಹೇಳಿದನಂತೆ. ಮೇಲ್ವಿಚಾರಕ ಅವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿಕೊಂಡನಂತೆ.

ಅಂದು ತೂಬು ಬಲ್ಲವನಿಗೆ ಅನ್ನ ಸೇರಲಿಲ್ಲ. ಮರುದಿನದಿಂದ ಅವನ ಸುತ್ತಿಗೆಯ ಪೆಟ್ಟು ಜೋರಾಯಿತು. ಒಂದೊಂದು ಪೆಟ್ಟಿಗೂ ಮೇಲ್ವಿಚಾರಕನನ್ನು ಬೈದ, ಜಗಲಿಯ ಮೇಲೆ ಕುಳಿತವನನ್ನು ಬೈದ, ಇಂಥವರಿಗೆ ವಿದ್ಯೆ ಹೇಳಿದ ಗುರುವನ್ನೂ ಬೈದ. ಮಾತಾಡಿಸಿದ ಹೆಂಡತಿಯ ಮೇಲೆ ಹರಿಹಾಯ್ದ. ಆ ಸಿಟ್ಟಿನಲ್ಲಿ ಅವನಿಗೆ ಒಂದು ಸುಖವೂ ಇತ್ತು. ಎಲ್ಲರೂ ಕೆಟ್ಟವರು, ತಾನೊಬ್ಬನೇ ನೆಟ್ಟಗಿದ್ದೇನೆ ಎಂಬ ಸುಖ. ಅದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಒಂದು ದಿನ ಗಣಿಯ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಆ ಕೆರೆಗೇ ಹೋಗಬೇಕಾಯಿತು. ಏರಿ ಎದೆಯ ಮಟ್ಟ ಎದ್ದಿತ್ತು. ತೂಬಿನ ಕಲ್ಲು ಕೂರಿಸಿ ಸುತ್ತ ಮಣ್ಣು ತುಂಬುತ್ತಿದ್ದರು. ಇವನು ನೋಡಿದ. ತುಂಬುತ್ತಿದ್ದುದು ನೀರು ತಡೆಯದ ಗರಸು ಮಣ್ಣು. ಅಲ್ಲಿ ಜೇಡಿಮಣ್ಣನ್ನು ಕಲಸಿ, ಬೆರಳುದ್ದ ಬೆರಳುದ್ದ ಹಾಕಿ, ತುಳಿದು, ಬಡಿದು ಕೂರಿಸಬೇಕಿತ್ತು. ಆಳುಗಳು ಬುಟ್ಟಿಗಟ್ಟಲೆ ಸುರಿದು ಮುಂದೆ ಹೋಗುತ್ತಿದ್ದರು. ಈ ತೂಬು ಒಂದು ಮಳೆಗಾಲವನ್ನೂ ತಡೆಯುವುದಿಲ್ಲವೆಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು.

ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಮೇಲ್ವಿಚಾರಕ ಕಂಡ. ಜಗಲಿಯ ಮೇಲೆ ಕುಳಿತಿದ್ದವನು ಅವನ ಪಕ್ಕದಲ್ಲಿ ನಿಂತು ಏನೋ ಹೇಳಿ ನಗಿಸುತ್ತಿದ್ದ. ಇವನು ಬಾಯಿ ಮುಚ್ಚಿಕೊಂಡ. ಆ ಅರ್ಧ ಕಲಿತವನನ್ನು ಆರಿಸಿಕೊಂಡವನು ಮೇಲ್ವಿಚಾರಕನೇ ತಾನೇ, ನೋಡಲಿ, ಎಂದುಕೊಂಡ. ಕಲ್ಲು ಇಳಿಸಿ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಅವನ ಮನಸ್ಸು ಹಗುರವಾಗಿತ್ತು.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ತುಂಬಿತು. ತುಂಬಿದ ಮೂರನೆಯ ದಿನ ಮಧ್ಯಾಹ್ನ, ಜನ ಊಟಕ್ಕೆ ಕುಳಿತಿದ್ದ ಹೊತ್ತಿಗೆ, ತೂಬಿನ ಬಳಿ ಏರಿ ಒಡೆಯಿತು. ಕೆಳಗಿನ ಹಳ್ಳಿಯಲ್ಲಿ ಒಂದು ಕೇರಿ ಪೂರ್ತಿ ಹೋಯಿತು. ಏಳು ಮಂದಿ ಸತ್ತರು.

ತೂಬು ಬಲ್ಲವನು ಗಣಿಯಿಂದ ಓಡಿಬಂದ. ಕೆಸರಿನ ನಡುವೆ ಮೇಲ್ವಿಚಾರಕ ನಿಂತಿದ್ದ. ಇವನು ಹೋಗಿ ಅವನು ಹೊದ್ದಿದ್ದ ವಸ್ತ್ರವನ್ನು ಹಿಡಿದೆಳೆದ. ಇಷ್ಟು ದಿನ ಕಲ್ಲಿಗೆ ಹೇಳಿದ್ದನ್ನೆಲ್ಲ ಅವನ ಮುಖಕ್ಕೆ ಹೇಳಿದ.

“ಅಲ್ಲಿ ಗರಸು ಹಾಕುತ್ತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡೆ. ಆವತ್ತೇ ತಿಳಿಯಿತು ನನಗೆ, ಇದು ನಿಲ್ಲುವುದಿಲ್ಲವೆಂದು. ನಾನಿರುವಾಗ ಇಂಥವನಿಗೆ ಯಾಕೆ ಕೊಟ್ಟೆ?”

ಮೇಲ್ವಿಚಾರಕನಿಗೆ ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. “ನೀನು ಇಲ್ಲೇ ಇದ್ದೆಯಾ? ಸತ್ತುಹೋದೆ ಎಂದಿದ್ದರು” ಎಂದ. “ಬಂದವನಿಗೆ ಕೊಟ್ಟೆ. ನೀನು ಬರಲಿಲ್ಲ.”

ಪಕ್ಕದಲ್ಲಿ ಒಬ್ಬ ಹೆಂಗಸು ಗಂಡನಿಗಾಗಿ ಕೆಸರು ತೋಡುತ್ತಿದ್ದಳು. ಅವಳು ಈ ಮಾತುಗಳನ್ನೆಲ್ಲ ಕೇಳಿಸಿಕೊಂಡು ಎದ್ದುಬಂದಳು. ಮೊಣಕೈಯವರೆಗೆ ಕೆಸರಾಗಿತ್ತು.

“ನಿನಗೆ ಮೊದಲೇ ತಿಳಿದಿತ್ತೇ?” ಎಂದು ತೂಬು ಬಲ್ಲವನನ್ನು ಕೇಳಿದಳು.

“ತಿಳಿದಿತ್ತು.”

“ಕಂಡು ಯಾರಿಗೆ ಹೇಳಿದೆ?”

ಅವನ ಕೈ ವಸ್ತ್ರವನ್ನು ಬಿಟ್ಟಿತು.

“ಇವರು ತಿಳಿಯದೆ ಕೊಂದರು. ನೀನು ತಿಳಿದು ಕೊಂದೆ” ಎಂದಳು ಅವಳು. ಅಷ್ಟು ಹೇಳಿ ಮತ್ತೆ ಹೋಗಿ ಕೆಸರು ತೋಡತೊಡಗಿದಳು. ತೂಬು ಬಲ್ಲವನು ಅವಳ ಪಕ್ಕದಲ್ಲಿ ಮಂಡಿಯೂರಿ ತಾನೂ ತೋಡಲು ಕೈ ಹಾಕಿದ. ಅವಳು ಆ ಕೈಯನ್ನು ತಳ್ಳಿಹಾಕಿದಳು.

ಮೇಲ್ವಿಚಾರಕನ ಅಧಿಕಾರ ಹೋಯಿತು. ಅರ್ಧ ಕಲಿತವನು ಊರು ಬಿಟ್ಟ. ಮೇಲ್ವಿಚಾರಕನ ಜಾಗಕ್ಕೆ ಗುರುತು ಪರಿಚಯವಿಲ್ಲದ ಬೇರೊಬ್ಬ ಅಧಿಕಾರಿ ಬಂದ. ಅವನು ಬಂದ ದಿನವೇ ತೂಬು ಬಲ್ಲವನು ಅವನ ಬಾಗಿಲಿಗೆ ಹೋಗಿ, ಯಾರ ಬಳಿ ಕಲಿತೆನೆಂದು ಹೇಳಿ, ಕೆಲಸ ಕೇಳಿದ. ಒಡೆದ ತೂಬಿನ ಕೆಲಸವನ್ನೇ ಕೊಟ್ಟರು. ಕಟ್ಟಿದ. ಆ ತೂಬು ಅವನ ಆಯುಸ್ಸು ಮುಗಿದ ಮೇಲೂ ಒಂದು ಹನಿ ಸೋರಲಿಲ್ಲ. ಆದರೆ ಕೆಳಗಿನ ಹಳ್ಳಿಯ ಜನ ಅವನನ್ನು ಕೊನೆಯವರೆಗೂ ಮಾತಾಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಇನ್ನೂ ನಿಂತೇ ಇದ್ದ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ಆದರೆ ಗುರುಗಳೇ, ಕೈ ನೋಡದೆ ಮುಖ ನೋಡಿ ಕೆಲಸ ಕೊಟ್ಟ ಆ ಮೇಲ್ವಿಚಾರಕನದೂ ತಪ್ಪಲ್ಲವೇ? ಅವನದೇ ದೊಡ್ಡ ತಪ್ಪಲ್ಲವೇ?” ಎಂದ.

“ಅವನು ಬಂದು ಕೇಳಿದರೆ ಅವನ ತಪ್ಪನ್ನು ಅವನಿಗೆ ಹೇಳುತ್ತೇನೆ, ಇವತ್ತು ಬಂದವನು ನೀನು” ಎಂದರು ಗುರುಗಳು.

ಸೋಮಲಿಂಗ ಗುರುಗಳ ಎದುರಿಗೆ ಕುಳಿತುಕೊಂಡ.