ಗೊರವಂಕಗಳು ಕೂಗಿದ ಹೆಸರು

ಬಿದಿರುಮೆಳೆ ಕಾಡಿನ ಕೆರೆಯ ದಂಡೆಯಲ್ಲಿ ಒಂದು ಹುಲ್ಲು ಬಯಲು. ಅಲ್ಲಿ ಕಾಲ್ಚೆಂಡಾಟ ಶುರುವಾಯಿತೆಂದರೆ ಸಾಕು ಮಕ್ಕಳೇ, ಪಕ್ಕದ ಗೋಣಿಮರದ ತುಂಬ ಗೊರವಂಕ ಹಕ್ಕಿಗಳು! ಯಾರ ಆಟ ಮೆಚ್ಚಿಗೆಯಾಯಿತೋ ಅವರ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗುವುದು ಅವುಗಳ ಪದ್ಧತಿ.

ಕೆರೆ ತಂಡದಲ್ಲಿ ಗೋಲು ಹೊಡೆಯುವವನು ಮೊಲ ಚಂಗಣ್ಣ. ಆಟವೇ ಅವನ ಕಸುಬು. ಪಂದ್ಯಕ್ಕೊಂದು ಬುಟ್ಟಿ ಗರಿಕೆ ಸಂಬಳ. ಆದರೆ ಅವನ ಹೊಟ್ಟೆ ನಿಜವಾಗಿ ತುಂಬುತ್ತಿದ್ದದ್ದು "ಚಂಗಣ್ಣ! ಚಂಗಣ್ಣ!" ಎಂಬ ಕೂಗಿನಿಂದಲೇ.

ಒಂದು ದಿನ ಗೋಲು ಹೊಡೆದವನೇ ಖುಷಿಯಿಂದ ಮರದ ಕಡೆ ಓಡಿದ. ಮರವೋ, "ದುಂಡಪ್ಪ! ದುಂಡಪ್ಪ!" ಎಂದು ಕೂಗುತ್ತಿತ್ತು.

ದುಂಡಪ್ಪ ಅಂದರೆ ಕಾಡುಹಂದಿ. ಚಂಗಣ್ಣನ ಕಾಲಿಗೆ ಚೆಂಡು ಒದಗಿಸುವವನು. ಪಾಪ, ಚಂಗಣ್ಣನ ಮುಖ ಸಪ್ಪಗಾಯಿತು. ಅಂದು ಗರಿಕೆ ಗಂಟಲಲ್ಲಿ ಇಳಿಯಲಿಲ್ಲ. "ಗೋಲು ನನ್ನದು, ಹೆಸರು ಅವನದಾ?" ಎಂದು ಒಳಗೊಳಗೇ ಕುದಿದ.

ಮರುವಾರ ಗುಡ್ಡದ ನರಿಗಳೊಂದಿಗೆ ಪಂದ್ಯ. ಗೆದ್ದವರಿಗೆ ಆ ಬಯಲು. ಸೋತವರು ಬೇಸಿಗೆಯಿಡೀ ಕೆರೆಯಾಚೆಯ ಮುಳ್ಳುನೆಲದಲ್ಲಿ ಆಡಬೇಕು. ಅಲ್ಲಿ ಮರವೂ ಇಲ್ಲ, ಕೂಗುವವರೂ ಇಲ್ಲ.

ಆಟ ಶುರುವಾದ ಕೂಡಲೇ ಚಂಗಣ್ಣ ಏನು ಮಾಡಿದ ಗೊತ್ತೇ? ತನ್ನ ಉದ್ದನೆಯ ಕಿವಿಗಳೆರಡನ್ನೂ ಮರದ ಕಡೆಗೇ ತಿರುಗಿಸಿಕೊಂಡ! ಯಾರ ಹೆಸರು ಹೆಚ್ಚು ಕೇಳುತ್ತದೆ ಎಂಬುದೊಂದೇ ಅವನ ಚಿಂತೆ.

"ಚಂಗಣ್ಣ, ಎಡಕ್ಕೆ!" ದುಂಡಪ್ಪ ಕೂಗಿದ.

ಯಾರಿಗೆ ಕೇಳಬೇಕು! ಚೆಂಡು ಮೊಲದ ಬಾಲದ ಹಿಂದೆಯೇ ಉರುಳಿಹೋಯಿತು. ನರಿಗಳು ಅದನ್ನು ಹಿಡಿದು ಗೋಲು ಹೊಡೆದೇಬಿಟ್ಟವು.

ವಿರಾಮದಲ್ಲಿ ದುಂಡಪ್ಪ ಹತ್ತಿರ ಬಂದ. "ಏನೋ ಮಾರಾಯ, ಮೈಯಲ್ಲಿ ಹುಷಾರಿಲ್ಲವಾ?"

ಚಂಗಣ್ಣನಿಗೆ ಅಳುವೇ ಬಂತು. "ನಿನಗೇನಪ್ಪ, ಮರದ ತುಂಬ ನಿನ್ನದೇ ಹೆಸರು. ನನ್ನನ್ನು ಕೇಳುವವರು ಯಾರು?"

"ನನ್ನ ಹೆಸರಾ?" ದುಂಡಪ್ಪ ಕಣ್ಣು ಕಣ್ಣು ಬಿಟ್ಟ. "ಅವು ಯಾವಾಗ ಕೂಗಿದವೋ? ನೀನು ಎತ್ತ ಓಡ್ತೀಯ ಅಂತ ನೋಡೋದೇ ನನಗೆ ಸಾಕಾಗಿರುತ್ತೆ. ಇನ್ನು ಅತ್ತ ಕಿವಿ ಕೊಡೋದು ಎಲ್ಲಿಂದ ಬಂತು!"

ಚಂಗಣ್ಣನಿಗೆ ನಾಚಿಕೆಯಾಯಿತು. ಮತ್ತೆ ಬಯಲಿಗಿಳಿದಾಗ ಅವನ ಕಿವಿಗಳು ದುಂಡಪ್ಪನ ಕಡೆಗಿದ್ದವು.

"ಬಲಕ್ಕೆ!" ಎಂಬ ಕೂಗು ಬಂತು. ಚಂಗಣ್ಣ ನೆಗೆದ, ಒದ್ದ, ಗೋಲು! ಈಗ ಸಮಸಮ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು. ಚೆಂಡು ಚಂಗಣ್ಣನ ಕಾಲಲ್ಲಿತ್ತು. ನಾಲ್ಕೂ ಕಡೆ ನರಿಗಳು. ದುಂಡಪ್ಪ ಗೋಲಿನ ಮುಂದೆ ಒಬ್ಬನೇ ನಿಂತಿದ್ದ. ತಾನೇ ಹೊಡೆಯಲೇ ಎಂದು ಚಂಗಣ್ಣನಿಗೆ ಆಸೆಯೇನೋ ಆಯಿತು. ಆದರೂ, "ತಗೋ ದುಂಡಪ್ಪ!" ಎಂದು ಚೆಂಡನ್ನು ಅವನತ್ತ ತಳ್ಳಿದ. ದುಂಡಪ್ಪ ಮೂತಿಯಿಂದ ಗುದ್ದಿದ. ಗೋಲು! ಬಯಲು ಅವರದಾಯಿತು.

ಚಂಗಣ್ಣ ಮರದ ಕಡೆ ಓಡಲಿಲ್ಲ. ಸೀದಾ ಹೋಗಿ ಗೆಳೆಯನ ಕುತ್ತಿಗೆಗೆ ಜೋತುಬಿದ್ದ. ಇಬ್ಬರೂ ಹುಲ್ಲಿನ ಮೇಲೆ ಹೊರಳಾಡಿ ನಕ್ಕಿದ್ದೇ ನಕ್ಕಿದ್ದು.

ಮರ ಯಾರದೋ ಹೆಸರನ್ನು ಜೋರಾಗಿ ಕೂಗುತ್ತಿತ್ತು. ಯಾರದು ಎಂದು ಚಂಗಣ್ಣನನ್ನು ಕೇಳಬೇಡಿ ಮಕ್ಕಳೇ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ನೀತಿ: ಯಾರಿಗೆಷ್ಟು ಹೊಗಳಿಕೆ ಎಂದು ಅಳೆಯುತ್ತಾ ಕೂತರೆ ಜೊತೆಗಾರನ ಕರೆ ಕಿವಿಗೆ ಬೀಳುವುದಿಲ್ಲ.